ಓವಾಹುವಿನ ಹೊಸ ಕನ್ನಡ ಮನೆಗಳಿಗೆ, ಅಕ್ಟೋಬರ್ ಮುಗಿಯುವ ಮುನ್ನ

ಓವಾಹು ದ್ವೀಪಕ್ಕೆ ಇತ್ತೀಚೆಗೆ ಬಂದು ನೆಲೆಸಿರುವ ಕನ್ನಡದ ತಾಯಂದಿರೇ, ತಂದೆಯರೇ, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಬೆಂಗಳೂರಿನಿಂದಲೋ ಶಿವಮೊಗ್ಗದಿಂದಲೋ ಬಂದಿರುವ ಅಜ್ಜ ಅಜ್ಜಿಯರೇ,

ಅಕ್ಟೋಬರ್ ಬಂತೆಂದರೆ ನಿಮ್ಮಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತೀರಿ. ಶಾಲೆಯಲ್ಲಿ ವೇಷ ಹಾಕಿಕೊಂಡು ಬರಲು ಹೇಳಿದ್ದಾರೆ, ಕಳಿಸಬೇಕೇ? ದೀಪಾವಳಿ ಎದುರಿಗಿರುವಾಗ ಬಾಗಿಲಿಗೆ ತಲೆಬುರುಡೆ ನೇತುಹಾಕುವುದು ಸರಿಯೇ? ಕತ್ತಲಲ್ಲಿ ಗುರುತಿಲ್ಲದವರ ಮನೆ ಬಾಗಿಲು ತಟ್ಟಿ ಮಿಠಾಯಿ ಕೇಳುವುದು ಎಂಥ ಪದ್ಧತಿ? ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುತ್ತಾ ಬಂದದ್ದನ್ನು ಈ ಸಲ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಹೋಗಿ, ಮಕ್ಕಳನ್ನು ಕರೆದುಕೊಂಡು ಖಂಡಿತ ಹೋಗಿ. ಈ ದ್ವೀಪದಲ್ಲಿ ಹ್ಯಾಲೋವೀನ್ ಆಡಲು ತೆರೆದಿರುವ ಜಾಗಗಳು ಬೇಕಾದಷ್ಟಿವೆ. ಆಟಕ್ಕೆಂದು ಕಾಲಿಡಬಾರದ ಜಾಗಗಳೂ ಇವೆ. ಎರಡನ್ನೂ ಬೇರೆ ಮಾಡಿ ನೋಡುವುದನ್ನು ಮಕ್ಕಳು ಇಲ್ಲಿ ಕಲಿಯಲಿ ಎನ್ನುವುದೊಂದೇ ನನ್ನ ಕೋರಿಕೆ.

ತಲೆಬುರುಡೆಯ ವಿಷಯ ಮೊದಲು ಮುಗಿಸುತ್ತೇನೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿನ ಆಚರಣೆ ಹ್ಯಾಲೋವೀನ್. ವಲಸೆ ಬಂದವರ ಜೊತೆ ಅಮೆರಿಕಕ್ಕೆ ಬಂತು, ಅಮೆರಿಕದ ಜೊತೆ ಹವಾಯಿಗೂ ಬಂತು. ಪ್ರೇತವೇಷವೇ ಆಗಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ. ಇಲ್ಲಿನ ಬೀದಿಗಳಲ್ಲಿ ಹ್ಯಾಲೋವೀನಿನ ದಿನವಾದ ಅಕ್ಟೋಬರ್ 31ರ ಸಂಜೆ ಓಡಾಡುವ ಪುಟ್ಟ ಮಕ್ಕಳಲ್ಲಿ ಕಡಲಾಮೆ, ಶಾರ್ಕ್, ಅನಾನಸ್, ಅಗ್ನಿಶಾಮಕ ದಳದವರು, ಗಗನಯಾತ್ರಿಗಳೇ ಹೆಚ್ಚು. 2024ರಲ್ಲಿ ನಮ್ಮ ಪಂಚಾಂಗದ ನರಕ ಚತುರ್ದಶಿ ಅದೇ ದಿನಕ್ಕೆ ಬಂದಿತ್ತು. ಬಾಗಿಲಲ್ಲಿ ಹಣತೆಯೂ ಇರಲಿ, ಒಳಗೆ ದೀಪವಿಟ್ಟ ಕುಂಬಳಕಾಯಿಯೂ ಇರಲಿ. ಹಬ್ಬಕ್ಕೆ ಅದರಿಂದ ಯಾವ ಕುಂದೂ ಇಲ್ಲ.

ಕುಂಬಳಕಾಯಿ ಅಂದೆನಲ್ಲ, ಅಲ್ಲಿಂದಲೇ ಶುರು ಮಾಡಿ. ಸೂಪರ್ ಮಾರ್ಕೆಟ್ಟಿನ ಹೊರಗೆ ಪೆಟ್ಟಿಗೆಗಳಲ್ಲಿ ತುಂಬಿಟ್ಟಿರುವ ಕಾಯಿಗಳಲ್ಲಿ ಹೆಚ್ಚಿನವು ಸಾವಿರಾರು ಮೈಲಿ ಹಡಗಿನಲ್ಲಿ ಬಂದವು, ಬೇಗ ಕೊಳೆಯುತ್ತವೆ. ಅದರ ಬದಲು ಒಂದು ಶನಿವಾರ ಬೆಳಿಗ್ಗೆ ಕಪೋಲೆಯಲ್ಲಿರುವ ಅಲೂನ್ ಫಾರ್ಮ್ಸ್‌ಗೆ ಹೋಗಿ. ಅಕ್ಟೋಬರಿನ ವಾರಾಂತ್ಯಗಳಲ್ಲಿ ಅಲ್ಲಿ ಹೊಲಕ್ಕೇ ಇಳಿದು ಬಳ್ಳಿಯ ನಡುವಿನಿಂದ ಸಿಹಿಗುಂಬಳ ಆರಿಸಿಕೊಳ್ಳಬಹುದು. ಒಂದು ಕಾಲಕ್ಕೆ ಅದೆಲ್ಲ ಕಣ್ಣು ಹಾಯುವಷ್ಟು ದೂರ ಕಬ್ಬು ಬೆಳೆಯುತ್ತಿದ್ದ ಬಯಲು. ಓವಾಹು ಶುಗರ್ ಕಂಪನಿ 1995ರಲ್ಲಿ ಕಬ್ಬು ನಿಲ್ಲಿಸಿದ ಮೇಲೆ ಅಲ್ಲಿ ತರಕಾರಿ ಬಂತು, ಅದರ ಬೆನ್ನಿಗೇ ಮನೆಗಳೂ ಬಂದವು. ನೀವು ಬಾಡಿಗೆಗಿರುವ ಮನೆಯೂ ಆ ಬಯಲಿನ ಮೇಲೇ ಇರಬಹುದು. ತಮ್ಮ ಊರಿನ ನೆಲದಲ್ಲಿ ಹಿಂದೆ ಏನು ಬೆಳೆಯುತ್ತಿತ್ತು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಅದು ಮಳೆನೆರಳಿನ ಕಡೆ. ಬಿಸಿಲು ನೆತ್ತಿ ಸುಡುತ್ತದೆ, ಕೆಂಪು ಧೂಳು ಬಟ್ಟೆಗೆ ಹತ್ತಿದರೆ ಒಗೆದರೂ ಹೋಗುವುದಿಲ್ಲ. ಟೋಪಿ, ಕುಡಿಯುವ ನೀರು, ಹಳೆಯ ಬಟ್ಟೆ, ಬೆರಳು ಮುಚ್ಚುವ ಶೂ ಇರಲಿ. ಹೊಸ ವೇಷ ಹಾಕಿಸಿ ಫೋಟೋ ತೆಗೆಸುವ ಆಸೆಯಿದ್ದರೆ ಬೆಳಿಗ್ಗೆ ಹತ್ತರೊಳಗೆ ಮುಗಿಸಿಬಿಡಿ. ಮಗು ತೀರಾ ಚಿಕ್ಕದಾಗಿದ್ದು ಅಷ್ಟು ಬಿಸಿಲು ಬೇಡವೆನಿಸಿದರೆ ಕೊಓಲಾವು ಬೆಟ್ಟಸಾಲಿನ ಆಚೆ ವೈಮಾನಾಲೋ ಕಂಟ್ರಿ ಫಾರ್ಮ್ಸ್ ಇದೆ. ಸೂರ್ಯಕಾಂತಿಗೂ ನಿಂಬೆ ಪಾನಕಕ್ಕೂ ಹೆಸರಾದ ಜಾಗ ಅದು. ಹಿಂದೆ ಹಸಿರು ಬೆಟ್ಟದ ಗೋಡೆ, ಮೇಲೆ ಮೋಡ, ಆಗಾಗ ತುಂತುರು. ನನಗೆ ಕೇಳಿದರೆ ಐದು ವರ್ಷದೊಳಗಿನ ಮಕ್ಕಳಿಗೆ ಇದೇ ಮೇಲು.

ಕಾಯಿ ಮನೆಗೆ ತಂದ ಕೂಡಲೇ ಕೊರೆಯಬೇಡಿ. ಇಲ್ಲಿನ ಸೆಕೆ, ತೇವಕ್ಕೆ ಕೊರೆದ ಕಾಯಿ ಎರಡು ಮೂರು ದಿನದಲ್ಲಿ ಬೂಷ್ಟು ಹಿಡಿದು ಕುಸಿಯುತ್ತದೆ, ನೊಣ ಮುತ್ತುತ್ತದೆ. ಕೊರೆಯುವುದಾದರೆ 30ರ ಸಂಜೆ ಕೊರೆಯಿರಿ. ಚಿಕ್ಕವರ ಕೈಗೆ ಚಾಕುವಿಗಿಂತ ಬಣ್ಣ, ಕುಂಚ ಕೊಡುವುದು ಒಳ್ಳೆಯದು. ಬಣ್ಣ ಬಳಿದ ಇಡೀ ಕಾಯಿ ವಾರಗಟ್ಟಲೆ ಬಾಳುತ್ತದೆ. ಕೆತ್ತನೆಗೆಂದೇ ಬೆಳೆದ ದೊಡ್ಡ ಕಾಯಿಯಲ್ಲಿ ನೀರಿನಂಶ ಹೆಚ್ಚು, ರುಚಿ ಸಪ್ಪೆ. ಹುಳಿಗೋ ಪಲ್ಯಕ್ಕೋ ಬೇಕಿದ್ದರೆ ಹಸಿರು ಸಿಪ್ಪೆಯ ಕಬೋಚಾ ಕೊಳ್ಳಿ, ಊರಿನ ಸಿಹಿಗುಂಬಳದ ಗಟ್ಟಿತನ ಅದರಲ್ಲಿದೆ.

ಹಗಲು ಹೊತ್ತು ಕಳೆಯಲು ಇನ್ನೂ ಜಾಗಗಳಿವೆ. ಕಪಿಓಲಾನಿ ಉದ್ಯಾನದ ಹೊನೊಲುಲು ಮೃಗಾಲಯ, ಅಲ್ಲಿಂದ ನಡೆದೇ ಹೋಗಬಹುದಾದ, 1904ರಲ್ಲಿ ಶುರುವಾದ ವೈಕೀಕಿ ಅಕ್ವೇರಿಯಂ, ಎರಡೂ ಮಕ್ಕಳಿಗೆ ಸಲ್ಲುವ ಜಾಗಗಳು. ಮಾಲ್‌ಗಳಲ್ಲೂ ಅಂಗಡಿಯಿಂದ ಅಂಗಡಿಗೆ ಮಿಠಾಯಿ ಹಂಚುತ್ತಾರೆ. ಮಳೆ ಬಂದರೆ ಅದೂ ಆದೀತು.

ಕಡಲತೀರದ ಬಗ್ಗೆ ಮಾತ್ರ ಎಚ್ಚರ. ವೇಷ ಹಾಕಿಕೊಂಡು ಸಮುದ್ರದಂಡೆಗೆ ಹೋಗಿ ಫೋಟೋ ತೆಗೆದು ಹಾಗೇ ನೀರಿಗಿಳಿಯುವ ಮನೆಮಂದಿ ಪ್ರತಿ ವರ್ಷ ಕಾಣಸಿಗುತ್ತಾರೆ. ಅಕ್ಟೋಬರ್ ಕೊನೆಗೆ ಉತ್ತರ ದಂಡೆಯಲ್ಲಿ ಚಳಿಗಾಲದ ದೊಡ್ಡ ಅಲೆಗಳು ಶುರುವಾಗಿರುತ್ತವೆ. ಬೇಸಿಗೆಯಲ್ಲಿ ಕೆರೆಯಂತಿದ್ದ ವೈಮೇಅ ಕೊಲ್ಲಿಯನ್ನು ನಂಬಿ ಹೋಗಬೇಡಿ. ದಕ್ಷಿಣದ ವೈಕೀಕಿ, ಅಲಾ ಮೋಆನಾ ಕಡೆ ಹುಣ್ಣಿಮೆ ಕಳೆದು ಎಂಟರಿಂದ ಹತ್ತನೆಯ ದಿನದವರೆಗೆ ಬಾಕ್ಸ್ ಜೆಲ್ಲಿಫಿಶ್ ದಡಕ್ಕೆ ಬರುತ್ತವೆ, ಕುಟುಕಿದರೆ ಮಕ್ಕಳಿಗೆ ಸಹಿಸಲಾಗದ ಉರಿ. ಪಂಚಾಂಗ ನೋಡುವ ಅಜ್ಜಿ ಮನೆಯಲ್ಲಿದ್ದರೆ ಈ ಲೆಕ್ಕ ಅವರಿಗೇ ಒಪ್ಪಿಸಿ.

ಇನ್ನು 31ರ ಸಂಜೆ. ಹ್ಯಾಲೋವೀನಿನ ತಿರುಳು ಇರುವುದು ಮನೆಯಿಂದ ಮನೆಗೆ ನಡೆಯುವುದರಲ್ಲಿ ಎಂದು ನಾನು ನಂಬಿದ್ದೇನೆ. ವರ್ಷವಿಡೀ ಗ್ಯಾರೇಜಿನ ಬಾಗಿಲು ಮೇಲೇರಿ ಇಳಿಯುವುದನ್ನಷ್ಟೇ ನೋಡಿದ ನೆರೆಯವರು ಅಂದು ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಈ ದ್ವೀಪದಲ್ಲಿ ಮಕ್ಕಳು ಹಿರಿಯರನ್ನೆಲ್ಲ ಆಂಟಿ, ಅಂಕಲ್ ಎಂದೇ ಕರೆಯುವುದು. ನಮ್ಮ ಮಕ್ಕಳಿಗೆ ಅದನ್ನು ಬೇರೆ ಹೇಳಿಕೊಡಬೇಕಿಲ್ಲ. ಎದುರು ಮನೆಯ ಜಪಾನಿ ಮೂಲದ ಅಜ್ಜಿಯೋ ಪಕ್ಕದ ಫಿಲಿಪಿನೋ ಸಂಸಾರವೋ ನಿಮ್ಮ ಮಗುವಿನ ಹೆಸರು ಮೊದಲ ಸಲ ಕೇಳುವುದು ಆ ಸಂಜೆಯೇ ಇದ್ದೀತು. ಹಾಗಾಗಿ ಕಾರಿನ ಡಿಕ್ಕಿಗಳನ್ನು ಸಾಲಾಗಿ ತೆರೆದಿಟ್ಟು ಮಿಠಾಯಿ ಹಂಚುವ ಕಾರ್ಯಕ್ರಮಗಳು ಎಷ್ಟೇ ಅನುಕೂಲವಾಗಿದ್ದರೂ ಅದೊಂದಕ್ಕೇ ತೃಪ್ತಿಪಡಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಹೊತ್ತಿನ ಲೆಕ್ಕ ಸರಿಯಾಗಿರಲಿ. ಹವಾಯಿಯಲ್ಲಿ ಗಡಿಯಾರವನ್ನು ಬೇಸಿಗೆಗೆ ಮುಂದಿಡುವ ಪದ್ಧತಿ ಇಲ್ಲ. ಅಂದು ಸೂರ್ಯ ಮುಳುಗುವುದು ಸುಮಾರು 5:55ಕ್ಕೆ, ಆರೂಕಾಲಿಗೆಲ್ಲ ಕತ್ತಲು. ಟೆಕ್ಸಾಸಿನಿಂದ ಬಂದವರು ಅಲ್ಲಿನ ಅಭ್ಯಾಸದಲ್ಲಿ ಆರೂವರೆಗೆ ನಿಧಾನವಾಗಿ ಹೊರಟರೆ ಮಕ್ಕಳಿಗೆ ಬೆಳಕಿನಲ್ಲಿ ಒಂದು ಮನೆಯೂ ಸಿಗುವುದಿಲ್ಲ. ಹಳೆಯ ಬಡಾವಣೆಗಳ ಎಷ್ಟೋ ಬೀದಿಗಳಿಗೆ ಪಾದಚಾರಿಗಳ ದಾರಿಯೇ ಇಲ್ಲ, ಮಕ್ಕಳು ಟಾರಿನ ಮೇಲೇ ನಡೆಯಬೇಕು. ಕೈಗೊಂದು ಟಾರ್ಚು, ಬೆನ್ನಿಗೊಂದು ಹೊಳೆಯುವ ಪಟ್ಟಿ ಇರಲಿ. ಮುಖವಾಡಕ್ಕಿಂತ ಮುಖಕ್ಕೆ ಬಳಿದ ಬಣ್ಣ ಒಳ್ಳೆಯದು, ಕಣ್ಣಿಗೆ ಅಡ್ಡ ಬರುವುದಿಲ್ಲ. 1968ರಿಂದ ಯೋಜನೆ ಹಾಕಿ ಕಟ್ಟಿದ ಮಿಲಿಲಾನಿಯಲ್ಲಿ ನಡೆದಾಡುವ ದಾರಿ ಚೆನ್ನಾಗಿದೆ, ಎತ್ತರದಲ್ಲಿರುವುದರಿಂದ ಸಂಜೆ ತಂಪೂ ಇರುತ್ತದೆ. ಅಲ್ಲಿ ಸ್ನೇಹಿತರಿದ್ದರೆ ಅವರ ಜೊತೆ ಸೇರಿಕೊಳ್ಳಿ. ವೈಕೀಕಿಯ ಕಲಾಕೌವಾ ಅವೆನ್ಯೂದಲ್ಲಿ ಅಂದು ರಾತ್ರಿ ಸೇರುವ ವೇಷಧಾರಿಗಳ ಜಾತ್ರೆ ದೊಡ್ಡವರಿಗೆ ಸೇರಿದ್ದು. ಎಳೆಯರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಬಾಗಿಲ ದೀಪ ಉರಿಯುತ್ತಿದ್ದರೆ ಬನ್ನಿ ಎಂದು ಅರ್ಥ, ಆರಿದ್ದರೆ ಆ ಮನೆ ಬಿಟ್ಟು ಮುಂದೆ ಹೋಗಬೇಕು. ಹೊಸದಾಗಿ ಬಂದ ನಮ್ಮವರ ಮನೆಗಳಲ್ಲಿ ಅಂದು ದೀಪ ಆರಿರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ತೆಗೆದುಕೊಳ್ಳಲು ಮಕ್ಕಳನ್ನು ಕಳಿಸುವವರು ಕೊಡಲೂ ಮನೆಯಲ್ಲಿ ಒಬ್ಬರಾದರೂ ಕೂರಬೇಕು. ಇಂಗ್ಲಿಷ್ ಬರುವುದಿಲ್ಲವೆಂದು ಅಜ್ಜ ಅಜ್ಜಿಯರು ಹಿಂಜರಿಯಬೇಕಿಲ್ಲ. ಬುಟ್ಟಿ ಹಿಡಿದು ನಕ್ಕರೆ ಸಾಕು. ಎತ್ತರದ ಕಟ್ಟಡಗಳಲ್ಲಿ ಇರುವವರು ಕೆಳಗಿನ ಲಾಬಿಯಲ್ಲಿ ವಿಚಾರಿಸಿ. ಎಷ್ಟೋ ಕಡೆ ಮಕ್ಕಳನ್ನು ಬರಮಾಡಿಕೊಳ್ಳುವ ಮನೆಗಳ ಪಟ್ಟಿ ಹಾಕಿರುತ್ತಾರೆ, ನಿಮ್ಮ ಮನೆಯ ನಂಬರನ್ನೂ ಸೇರಿಸಿ.

ಕೊಡುವುದೇನು? ಚಾಕೊಲೇಟ್ ಈ ಸೆಕೆಗೆ ಕರಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ. ದ್ವೀಪದ ಮಕ್ಕಳಿಗೆ ಲೀ ಹಿಂಗ್ ಮೂಯ್ ಪುಡಿ ಹಚ್ಚಿದ ಮಿಠಾಯಿ ಇಷ್ಟ. ಉಪ್ಪು ಹಾಕಿ ಒಣಗಿಸಿದ ಪ್ಲಮ್ ಹಣ್ಣಿನ ಆ ಪುಡಿ ನಾಲಿಗೆಗೆ ತಾಗಿದಾಗ ನನಗೆ ಶಾಲೆಯ ಗೇಟಿನ ಹೊರಗೆ ಮಾರುತ್ತಿದ್ದ ಹುಣಸೆಹಣ್ಣಿನ ಚಿಗಳಿಯಷ್ಟೇ ಹುಳಿ, ಉಪ್ಪು, ಸಿಹಿ ಸಿಗುತ್ತದೆ. ಸಸ್ಯಾಹಾರಿಗಳು ಮಕ್ಕಳ ಚೀಲವನ್ನೊಮ್ಮೆ ನೋಡಿ. ಅಂಟಂಟಾದ ಗಮ್ಮಿ, ಮಾರ್ಷ್‌ಮೆಲೋ ಮುಂತಾದ ಎಷ್ಟೋ ತಿನಿಸುಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಪಾಪ್‌ಕಾರ್ನಿಗೆ ಬೆರೆಸುವ ಜಪಾನಿ ಫುರಿಕಾಕೆ ಪುಡಿಯಲ್ಲಿ ಮೀನು ಇರುವುದುಂಟು. ಬಾಗಿಲಲ್ಲಿ ನಿಂತು ಇದು ಬೇಡ ಎಂದು ಆಂಟಿಯ ಮನಸ್ಸು ನೋಯಿಸುವುದಕ್ಕಿಂತ ಎಲ್ಲವನ್ನೂ ಪಡೆದು ಮನೆಗೆ ಬಂದು ಪದಾರ್ಥಗಳ ಪಟ್ಟಿ ಓದಿ ಬೇರೆ ಮಾಡುವುದು ಒಳ್ಳೆಯದು. ಕೆಲವು ಮನೆಗಳ ಮುಂದೆ ನೀಲಿ ಹಸಿರು ಬಣ್ಣದ ಕುಂಬಳಕಾಯಿ ಕಾಣುತ್ತದೆ. ಆಹಾರದ ಅಲರ್ಜಿ ಇರುವ ಮಕ್ಕಳಿಗೆ ಇಲ್ಲಿ ಪೆನ್ಸಿಲ್, ಸ್ಟಿಕರ್‌ನಂಥ ತಿನ್ನದ ಉಡುಗೊರೆ ಇದೆ ಎನ್ನುವ ಗುರುತು ಅದು. 2014ರಿಂದ ಅಮೆರಿಕದಾದ್ಯಂತ ಹಬ್ಬಿದ ಈ ರೂಢಿಯನ್ನು ನಮ್ಮ ಮನೆಗಳೂ ಹಿಡಿಯಬೇಕು.

ಈಗ ನಾನು ಈ ಪತ್ರ ಬರೆಯಲು ಕೂತ ಮುಖ್ಯ ಕಾರಣಕ್ಕೆ ಬರುತ್ತೇನೆ.

2016ರಲ್ಲಿ ಡಿಸ್ನಿಯ ‘ಮೋಆನಾ’ ಚಿತ್ರ ಬರುವ ಮುನ್ನ ಅಂಗಡಿಗಳಲ್ಲಿ ಮಕ್ಕಳಿಗೊಂದು ವೇಷ ಮಾರಾಟಕ್ಕೆ ಬಂತು. ಪಾಲಿನೇಷ್ಯದ ಜನ ಪೂಜ್ಯನೆಂದು ಕಾಣುವ ಮಾವುಯಿಯ ಕಂದು ಚರ್ಮ, ಮೈಮೇಲಿನ ಹಚ್ಚೆ ಎಲ್ಲವನ್ನೂ ಬಟ್ಟೆಯ ಮೇಲೆ ಮೂಡಿಸಿ, ಪ್ಯಾಂಟು ಶರ್ಟಿನಂತೆ ತೊಡುವ ಹಾಗೆ ಮಾಡಿದ್ದರು. ಶಾಂತಸಾಗರದ ದ್ವೀಪಗಳ ಜನ ಪ್ರತಿಭಟಿಸಿದರು, ಕಂಪನಿ ಕ್ಷಮೆ ಕೇಳಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಒಬ್ಬರ ಚರ್ಮವನ್ನು ಇನ್ನೊಬ್ಬರು ಉಡುಪಾಗಿ ತೊಡುವುದೇ ಎಂದು ಅವರು ಕೇಳಿದ ಪ್ರಶ್ನೆ ಕನ್ನಡಿಗರಿಗೆ ಅರ್ಥವಾಗಬೇಕು. 2022ರಲ್ಲಿ ‘ಕಾಂತಾರ’ ಬಂದ ಮೇಲೆ ಊರೂರಿನಲ್ಲಿ ಜನ ದೈವದ ಬಣ್ಣ ಬಳಿದುಕೊಂಡು ಕೂಗಿ ಕುಣಿದು ವಿಡಿಯೋ ಮಾಡತೊಡಗಿದಾಗ ತುಳುನಾಡಿನ ದೈವಾರಾಧಕರು ಎಷ್ಟು ನೊಂದುಕೊಂಡರು! 2025ರಲ್ಲಿ ಮುಂದಿನ ಚಿತ್ರ ಬಂದಾಗ ದೈವವನ್ನು ಅನುಕರಿಸಬೇಡಿ ಎಂದು ನಿರ್ಮಾಣ ಸಂಸ್ಥೆಯೇ ಮನವಿ ಮಾಡಬೇಕಾಯಿತು. ಅಲ್ಲಿ ನಮಗಾದ ನೋವು ಇಲ್ಲಿ ನಮ್ಮಿಂದ ಇನ್ನೊಬ್ಬರಿಗೆ ಆಗಬಾರದು. ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಹುಲ್ಲಿನ ಲಂಗ ಕಟ್ಟಿಸಿ ಮಗಳನ್ನು ಹವಾಯಿಯ ಹುಡುಗಿ ಮಾಡಬೇಡಿ. ಅವಳ ತರಗತಿಯಲ್ಲೇ ನಿಜವಾದ ಹವಾಯಿಯ ಹುಡುಗಿಯರಿದ್ದಾರೆ. ಹೂಲಾ ನೃತ್ಯ ಅವರಿಗೆ ಗುರುವಿನಿಂದ ವರ್ಷಗಟ್ಟಲೆ ಕಲಿಯುವ ವಿದ್ಯೆ.

ವೇಷದ ಮಾತಿಗಿಂತ ದೊಡ್ಡದು ಜಾಗದ ಮಾತು. ಈ ತಿಂಗಳು ಪ್ರವಾಸಿಗಳಿಗೆ ‘ಭೂತ ನೋಡಲು’ ಎಲ್ಲೆಲ್ಲಿಗೋ ಹೋಗಬಹುದೆಂಬ ಪಟ್ಟಿಗಳು ಓಡಾಡುತ್ತವೆ. ಅವುಗಳಲ್ಲಿ ಹೇಯಾವುಗಳ ಹೆಸರಿರುತ್ತದೆ, ಹಳೆಯ ಸ್ಮಶಾನಗಳ ಹೆಸರಿರುತ್ತದೆ. ಹೇಯಾವು ಎಂದರೆ ಹವಾಯಿ ಜನರ ದೇವಸ್ಥಾನ. ಕಲ್ಲು ಪೇರಿಸಿ ಕಟ್ಟಿದ ಜಗಲಿಯಷ್ಟೇ ಉಳಿದಿರುವುದರಿಂದ ತಿಳಿಯದವರಿಗೆ ಅದು ಪಾಳುಬಿದ್ದ ಗೋಡೆಯಂತೆ ಕಾಣುತ್ತದೆ. ವೈಮೇಅ ಕೊಲ್ಲಿಯ ಮೇಲಿನ ದಿಣ್ಣೆಯಲ್ಲಿರುವ ಪೂಉ ಓ ಮಹೂಕಾ ಈ ದ್ವೀಪದ ಅತಿ ದೊಡ್ಡ ಹೇಯಾವು. ಹಗಲಲ್ಲಿ ಹೋಗಿ, ಗೋಡೆ ಹತ್ತದೆ, ಕಲ್ಲು ಸರಿಸದೆ, ಹೊರಗೆ ನಿಂತು ನೋಡಿ ಬನ್ನಿ. ರಾತ್ರಿ ಟಾರ್ಚು ಹಿಡಿದು ಕಿರುಚಾಡಲು ಹೋಗಬೇಡಿ.

ಇಲ್ಲಿ ಸತ್ತವರ ಮೂಳೆಗಳನ್ನು ಈವಿ ಎನ್ನುತ್ತಾರೆ. ಅವು ಮಣ್ಣಿಗೆ ಸೇರಿದ ಜಾಗದಲ್ಲಿ ಹಿರಿಯರ ಶಕ್ತಿ ನೆಲೆಸಿರುತ್ತದೆ ಎಂಬುದು ನಂಬಿಕೆ. 1980ರ ದಶಕದ ಕೊನೆಯಲ್ಲಿ ಮಾವುಯಿ ದ್ವೀಪದ ಹೊನೊಕಹುವಾ ಎಂಬಲ್ಲಿ ಹೋಟೆಲ್ ಕಟ್ಟಲು ಮರಳು ಅಗೆದಾಗ 900ಕ್ಕೂ ಹೆಚ್ಚು ಜನರ ಅವಶೇಷಗಳು ಹೊರಬಂದವು. ಜನ ಬೀದಿಗಿಳಿದರು. ಅಗೆತ ನಿಂತಿತು, ಅವರನ್ನು ಮತ್ತೆ ಅಲ್ಲೇ ಮಣ್ಣು ಮಾಡಿದರು, ಹೋಟೆಲ್ ಸಮುದ್ರದಿಂದ ದೂರಕ್ಕೆ ಸರಿಯಿತು. ಆ ಹೋರಾಟದ ಫಲವಾಗಿ ಸಮಾಧಿಗಳ ರಕ್ಷಣೆಗೆ ರಾಜ್ಯದಲ್ಲಿ ಕಾನೂನು ಬಂತು, ದ್ವೀಪಗಳಿಗೆ ಸಮಾಧಿ ಮಂಡಳಿಗಳು ಬಂದವು. ಅದೇ ಮಾವುಯಿಯಲ್ಲಿ ಲಹೈನಾದ ಫ್ರಂಟ್ ಸ್ಟ್ರೀಟ್ ಹ್ಯಾಲೋವೀನ್ ಒಂದು ಕಾಲಕ್ಕೆ ಶಾಂತಸಾಗರದಲ್ಲೇ ದೊಡ್ಡದೆಂದು ಹೆಸರಾಗಿತ್ತು. ಮಕ್ಕಳ ಮೆರವಣಿಗೆಯೊಂದಿಗೆ ಅದು ಶುರುವಾಗುತ್ತಿತ್ತು. ಆ ಊರು 1845ರವರೆಗೆ ಹವಾಯಿ ಅರಸರ ರಾಜಧಾನಿ. ರಾತ್ರಿಯ ಕುಡಿತ, ಗದ್ದಲ ಅಂಥ ನೆಲಕ್ಕೆ ಸಲ್ಲದೆಂದು ಹವಾಯಿ ಮೂಲದವರು ಎತ್ತಿದ ಆಕ್ಷೇಪದ ಮೇಲೆ 2008ರಲ್ಲಿ ಅದಕ್ಕೆ ಅನುಮತಿ ತಪ್ಪಿತ್ತು, ಕೆಲವು ವರ್ಷಗಳ ನಂತರ ಮತ್ತೆ ನಡೆಯಿತು. 2023ರ ಆಗಸ್ಟ್ 8ರ ಬೆಂಕಿಯಲ್ಲಿ ಆ ಬೀದಿಯೇ ಸುಟ್ಟುಹೋಗಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಹ್ಯಾಲೋವೀನ್ ನೆಪದಲ್ಲಿ ಆ ಊರಿನ ಸುಟ್ಟ ಗೋಡೆಗಳ ಮುಂದೆ ಯಾರೂ ಫೋಟೋಗೆ ನಿಲ್ಲಬಾರದು.

ಹಾಗಾದರೆ ಕಥೆಗಳನ್ನೂ ಹೇಳಬಾರದೇ ಎಂದು ನೀವು ಕೇಳಬಹುದು. ಹೇಳಬೇಕು. ಈ ದ್ವೀಪದ ಹಾಗೆ ಕಥೆ ಹೇಳುವ ಊರು ಅಪರೂಪ. ಕೆಲವು ರಾತ್ರಿಗಳಲ್ಲಿ ಹಳೆಯ ಯೋಧರು ಪಂಜು ಹಿಡಿದು, ನಗಾರಿ ಬಾರಿಸುತ್ತಾ ತಮ್ಮ ದಾರಿಯಲ್ಲಿ ಸಾಗುತ್ತಾರೆ, ಎದುರಾದವರು ತಲೆಯೆತ್ತಿ ನೋಡದೆ ನೆಲಕ್ಕೆ ಮುಖವೂರಿ ಮಲಗಬೇಕು ಎಂದು ಹವಾಯಿ ಮನೆಗಳಲ್ಲಿ ಹೇಳುತ್ತಾರೆ. ಪಾಲಿ ಕಣಿವೆಯ ದಾರಿಯಲ್ಲಿ ಹಂದಿ ಮಾಂಸ ಒಯ್ಯಬಾರದು, ಅದು ಅಗ್ನಿದೇವತೆ ಪೆಲೆಗೂ ವರಾಹರೂಪಿ ಕಮಪುಆನಿಗೂ ಆದ ಒಪ್ಪಂದ ಎನ್ನುತ್ತಾರೆ. ಮನೆಯ ಸುತ್ತ ತೀ ಗಿಡ ನೆಡುವುದು ಕೆಟ್ಟದ್ದನ್ನು ತಡೆಯಲು. ಕಬ್ಬಿನ ತೋಟಕ್ಕೆ ಕೂಲಿಗೆ ಬಂದ ಜಪಾನೀಯರು ತಮ್ಮ ಕಥೆ ತಂದರು, ಚೀನೀಯರು, ಪೋರ್ಚುಗೀಸರು, ಫಿಲಿಪಿನೋಗಳು ತಮ್ಮದನ್ನು ತಂದರು. 2003ರಲ್ಲಿ ತೀರಿಕೊಂಡ ಇತಿಹಾಸಕಾರ ಗ್ಲೆನ್ ಗ್ರ್ಯಾಂಟ್ ಇಂಥ ಕಥೆಗಳನ್ನು ಜನರ ಬಾಯಿಂದ ಕೇಳಿ ಸಂಗ್ರಹಿಸುವುದಕ್ಕೆ ಬದುಕಿನ ದೊಡ್ಡ ಪಾಲು ಕೊಟ್ಟರು. ಹೈಸ್ಕೂಲು ಮಕ್ಕಳಿದ್ದರೆ ಅವರ ಪುಸ್ತಕಗಳನ್ನು ಗ್ರಂಥಾಲಯದಿಂದ ತನ್ನಿ. ಚಿಕ್ಕವರಿಗೆ ರಾತ್ರಿಯ ಕಥೆ ಬೇಡ. ಅವರನ್ನು ವೈಪಾಹುವಿನ ಹವಾಯಿಸ್ ಪ್ಲಾಂಟೇಶನ್ ವಿಲೇಜಿಗೆ ಹಗಲಲ್ಲಿ ಕರೆದುಕೊಂಡು ಹೋಗಿ. ಕೂಲಿಕಾರರ ಮನೆಗಳನ್ನು ಜನಾಂಗವಾರು ಮರಳಿ ಕಟ್ಟಿ, ಒಲೆ, ಹಾಸಿಗೆ, ದೇವರ ಮೂಲೆ ಸಮೇತ ಇಟ್ಟಿದ್ದಾರೆ. ಕಥೆ ಯಾವ ಮನೆಯಿಂದ ಬಂತು ಎಂಬುದನ್ನು ಮೊದಲು ಕಂಡ ಮಗು ಆಮೇಲೆ ಕಥೆಯನ್ನು ಬೇರೆಯೇ ರೀತಿ ಕೇಳುತ್ತದೆ.

ಮಹಾಲಯ ಅಮಾವಾಸ್ಯೆಗೆ ಹಿರಿಯರನ್ನು ನೆನೆದು ಹೆಚ್ಚೇನೂ ದಿನ ಕಳೆದಿರುವುದಿಲ್ಲ. ಎಡೆ ಇಟ್ಟದ್ದೇಕೆ ಎಂದು ಅಂದು ಕೇಳಿದ ಮಗುವಿಗೆ ನೀವು ಕೊಟ್ಟ ಉತ್ತರವನ್ನೇ, ಹೇಯಾವು, ಸಮಾಧಿಗಳಲ್ಲಿ ಆಡಬಾರದೇಕೆ ಎಂದು ಕೇಳಿದಾಗಲೂ ಕೊಡಬಹುದು. ಜಪಾನಿ ಮೂಲದವರು ಬೇಸಿಗೆಯಲ್ಲಿ ಬೌದ್ಧ ಮಂದಿರಗಳ ಅಂಗಳದಲ್ಲಿ ಬಾನ್ ಕುಣಿತ ಕುಣಿಯುವುದು ತಮ್ಮ ಹಿರಿಯರಿಗಾಗಿ. ಹೊಸಬರನ್ನೂ ಕೈಹಿಡಿದು ಸುತ್ತಿಗೆ ಸೇರಿಸಿಕೊಳ್ಳುತ್ತಾರೆ. ಹಿರಿಯರ ನೆನಪಿನ ಹಬ್ಬಕ್ಕೆ ಮಕ್ಕಳನ್ನು ಕರೆದೊಯ್ಯಬೇಕೆಂದರೆ ಜೂನ್, ಜುಲೈ, ಆಗಸ್ಟಿನಲ್ಲಿ ಅಲ್ಲಿಗೆ ಹೋಗಿ. ಅಕ್ಟೋಬರ್ 31 ಆಟದ ದಿನ, ಆಟದ ದಿನವಾಗಿಯೇ ಇರಲಿ.

ಅಂದು ರಾತ್ರಿ ಎಂಟರ ಹೊತ್ತಿಗೆ ಚೀಲ ತುಂಬಿಸಿಕೊಂಡು ಮನೆಗೆ ಬಂದ ಮೇಲೆ, ಮೋಡವಿಲ್ಲದಿದ್ದರೆ ಮಕ್ಕಳನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿ. ದಿಗಂತದಿಂದ ಸ್ವಲ್ಪ ಮೇಲೆ ಚಿಕ್ಕ ಗೊಂಚಲಿನಂತೆ ಕಾಣುವುದು ಕೃತ್ತಿಕಾ ನಕ್ಷತ್ರ. ಕಾರ್ತಿಕ ಮಾಸಕ್ಕೆ ಹೆಸರು ಬಂದದ್ದು ಅದರಿಂದ. ಹವಾಯಿ ಜನ ಅದನ್ನು ಮಕಾಲಿಇ ಎನ್ನುತ್ತಾರೆ. ನವೆಂಬರಿನಲ್ಲಿ ಅದು ಸೂರ್ಯಾಸ್ತದ ಹೊತ್ತಿಗೇ ಮೂಡತೊಡಗಿದಾಗ ಅವರ ಮಕಹಿಕಿ ಶುರು. ಮಳೆ ಬೆಳೆಗಳ ದೇವರು ಲೋನೊಗೆ ಮೀಸಲಾದ ಸುಮಾರು ನಾಲ್ಕು ತಿಂಗಳ ಆ ಕಾಲದಲ್ಲಿ ಹಿಂದೆ ಯುದ್ಧಕ್ಕೆ ನಿಷೇಧವಿತ್ತು, ಸುಗ್ಗಿಯ ಕಾಣಿಕೆ, ಕುಸ್ತಿ, ಓಟ, ಆಟಗಳಿಗೆ ಬಿಡುವಿತ್ತು. ಈಗಲೂ ಹಲವು ಶಾಲೆಗಳು ನವೆಂಬರಿನಲ್ಲಿ ಮಕಹಿಕಿ ಆಟಗಳನ್ನು ಆಡಿಸುತ್ತವೆ. ನಿಮ್ಮ ಮಗುವಿನ ಶಾಲೆಯಲ್ಲಿ ಇದೆಯೇ ಎಂದು ಟೀಚರನ್ನು ಕೇಳಿ, ತಪ್ಪಿಸಬೇಡಿ.

ಮರುದಿನ ನವೆಂಬರ್ 1. ವೇಷದ ಬಣ್ಣ ತೊಳೆದು ಮಕ್ಕಳನ್ನು ಕನ್ನಡ ರಾಜ್ಯೋತ್ಸವಕ್ಕೆ ಸಿದ್ಧಗೊಳಿಸಬೇಕಾದ ದಿನ. ಹಾಗಾಗಿ 31ಕ್ಕೆ ಹೆಚ್ಚು ಹೊತ್ತು ಮಾಡಬೇಡಿ. ಐದೂಕಾಲಿಗೆ ಊಟ ಮಾಡಿಸಿ, ಐದೂವರೆಗೆ ಹೊರಡಿ, ಎಂಟರೊಳಗೆ ಮನೆ ಸೇರಿ. ಹೊರಡುವಾಗ ಬಾಗಿಲ ದೀಪ ಹಾಕಿ, ಬುಟ್ಟಿಯ ಹತ್ತಿರ ಅಜ್ಜಿಯನ್ನು ಕೂರಿಸುವುದನ್ನು ಮರೆಯಬೇಡಿ.

ಇಂತಿ,
ನಿಮ್ಮಂತೆಯೇ ಮಕ್ಕಳನ್ನು ಈ ದ್ವೀಪದಲ್ಲಿ ಬೆಳೆಸುತ್ತಿರುವ ಒಬ್ಬ ತಾಯಿ